ಲೈಟ್ ಸೆನ್ಸರ್ ಅಲಾರಂ ಕಿಟ್: ಸಾಮಾನು ಓಕೆ, ಜೊತೆಗೆ ಕೊಟ್ಟ ಚೀಟಿ ಮಾತ್ರ ದಂಡ

ಬೆಂಗಳೂರಿನ ಎಸ್.ಪಿ. ರೋಡಲ್ಲಿ 250 ರೂಪಾಯಿಗೆ ತಗೊಂಡಿದ್ದು, ಅಂಗಡಿ ಹೆಸರು ಬೇಡ ಬಿಡಿ, ಆ ಸಾಲಲ್ಲಿ ಹುಡುಕಿದ್ರೆ ಇಂಥದ್ದೇ ಇನ್ನೊಂದು ಸಿಗುತ್ತೆ. ಮಗಳ ಸ್ಕೂಲ್ ಎಕ್ಸಿಬಿಷನ್‌ಗೆ ಡ್ರಾಯರ್ ಅಲಾರಂ ಬೇಕಿತ್ತು, ಡ್ರಾಯರ್ ಎಳೆದ ತಕ್ಷಣ ಒಳಗೆ ಬೆಳಕು ಬಿದ್ದು ಬಜರ್ ಕೂಗ್ಬೇಕು, ಅಷ್ಟೇ. ಕವರಲ್ಲಿ ಎಲ್‌ಡಿಆರ್ (ಬೆಳಕು ಬಿದ್ದಷ್ಟೂ ರೆಸಿಸ್ಟೆನ್ಸ್ ಇಳಿಯೋ ಸೆನ್ಸರ್), ಬಜರ್‌ಗೆ ಸ್ವಿಚ್ ಥರ ಕೆಲಸ ಮಾಡೋ ಬಿಸಿ547 ಟ್ರಾನ್ಸಿಸ್ಟರ್, 10ಕೆ ಮತ್ತೆ 1ಕೆ (ಅಂದ್ರೆ 10 ಸಾವಿರ, 1 ಸಾವಿರ ಓಮ್) ರೆಸಿಸ್ಟರ್, ಬಜರ್, ಬೆಸುಗೆ ಇಲ್ದೆ ಚುಚ್ಚಿ ಜೋಡಿಸೋ ಸಣ್ಣ ಬ್ರೆಡ್‌ಬೋರ್ಡ್, ಒಂದಿಷ್ಟು ವೈರು. 9 ವೋಲ್ಟ್ ಬ್ಯಾಟರಿ ನಾವೇ ತರ್ಬೇಕು.

ಸಾಮಾನಿನ ಬಗ್ಗೆ ತಕರಾರಿಲ್ಲ, ಬಜರ್ ಅಂತೂ ಪಕ್ಕದ ಮನೆಯವ್ರು ಇಣುಕೋ ಥರ ಕೂಗುತ್ತೆ. ಆದ್ರೆ ಆ ಜೆರಾಕ್ಸ್ ಚೀಟಿ! ಟ್ರಾನ್ಸಿಸ್ಟರಿನ ಯಾವ ಕಾಲು ಯಾವ್ದು ಅಂತಾನೇ ಬರ್ದಿಲ್ಲ. ಚಪ್ಪಟೆ ಮುಖ ನಮ್ಮ ಕಡೆಗಿಟ್ಟು ಕಾಲು ಕೆಳಗೆ ಮಾಡಿದ್ರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್, ಇದನ್ನ ಬರ್ಯೋಕೆ ಒಂದು ಸಾಲು ಸಾಕಿತ್ತು.

ನಿಜವಾದ ತೊಂದರೆ ಸರ್ಕ್ಯೂಟಲ್ಲೇ ಇದೆ. ಪ್ಲಸ್‌ನಿಂದ ಎಲ್‌ಡಿಆರ್, ಅದರ ಕೆಳಗೆ ಮೈನಸ್‌ಗೆ 10ಕೆ, ಎರಡರ ಮಧ್ಯದಿಂದ 1ಕೆ ಮೂಲಕ ಬೇಸ್‌ಗೆ. ಬೇಸ್‌ಗೆ 0.65 ವೋಲ್ಟ್ ಹತ್ರ ಬಂದ್ರೆ ಟ್ರಾನ್ಸಿಸ್ಟರ್ ಆನ್ ಆಗೋಕೆ ಶುರು, ಅಂದ್ರೆ ಎಲ್‌ಡಿಆರ್ 1 ಲಕ್ಷ ಓಮ್‌ಗಿಂತ ಕೆಳಗಿಳಿದ್ರೆ ಸಾಕು, ಅದಕ್ಕೆ ಡ್ರಾಯರ್ ಸಂದಿಯಿಂದ ಬರೋ ಬೆಳಕೇ ಸಾಕಾಗಿಹೋಗುತ್ತೆ. "ಅಪ್ಪಾ, ಮುಚ್ಚಿದ್ರೂ ಕಿರುಚ್ತಿದೆ" ಅಂದ್ಲು ಮಗಳು. 10ಕೆ ತೆಗೆದು ಆ ಜಾಗಕ್ಕೆ 10ಕೆ ಪ್ರಿಸೆಟ್ (ಸ್ಕ್ರೂಡ್ರೈವರಲ್ಲಿ ತಿರುಗಿಸಿ ಹೆಚ್ಚು ಕಮ್ಮಿ ಮಾಡೋ ರೆಸಿಸ್ಟರ್) ಹಾಕಿದ್ವಿ, ತಿರುಗಿಸ್ತಾ 1ಕೆ ಹತ್ರ ತಂದ್ರೆ ಎಲ್‌ಡಿಆರ್ ಸುಮಾರು 13 ಸಾವಿರ ಓಮ್‌ಗೆ ಇಳಿದಾಗ್ಲೇ ಕೂಗೋದು, ಡ್ರಾಯರ್ ಪೂರ್ತಿ ತೆರೆದಾಗ ಮಾತ್ರ. ಚಿಲ್ರೆ ದುಡ್ಡಿನ ಸಾಮಾನು ಅದು, ಕಿಟ್ಟಲ್ಲೇ ಹಾಕಿದ್ರೆ ಇವ್ರ ಗಂಟೇನು ಹೋಗ್ತಿತ್ತೋ. ಆದ್ರೆ ಬೇಸ್‌ಗೆ ಹೋಗೋ ಆ 1ಕೆ ರೆಸಿಸ್ಟರ್ ಮಾತ್ರ ಬಿಡ್ಬೇಡಿ, ಬಿಸಿಲಲ್ಲಿ ಎಲ್‌ಡಿಆರ್ ರೆಸಿಸ್ಟೆನ್ಸ್ ತುಂಬಾ ಇಳಿಯುತ್ತೆ, ಅದಿಲ್ದಿದ್ರೆ ಬೇಸ್‌ಗೆ ಸಿಕ್ಕಾಪಟ್ಟೆ ಕರೆಂಟ್ ಹೋಗಿ ಟ್ರಾನ್ಸಿಸ್ಟರ್ ಸುಟ್ಟೋಗ್ಬಹುದು.

ಇದೇ ಸಾಮಾನಲ್ಲಿ ಎಲ್‌ಡಿಆರ್, ಪ್ರಿಸೆಟ್ ಜಾಗ ಅದಲು ಬದಲು ಮಾಡಿದ್ರೆ ಕತ್ತಲಾದಾಗ ಕೂಗುತ್ತೆ, ಟಾರ್ಚ್ ಬೆಳಕಿಗೆ ಯಾರಾದ್ರೂ ಅಡ್ಡ ಬಂದ್ರೆ ಕಳ್ಳರ ಅಲಾರಂ ಥರ. ಅದಕ್ಕೆ 10ಕೆ ಸಾಲಲ್ಲ, 100ಕೆ ಪ್ರಿಸೆಟ್ ತನ್ನಿ. ಕಿಟ್‌ಗೆ 5ಕ್ಕೆ 3 ಕೊಡ್ತೀನಿ. ತಗೊಳ್ಳೋರು ಎಕ್ಸಿಬಿಷನ್ ದಿನ ಸಣ್ಣ ಸ್ಕ್ರೂಡ್ರೈವರ್ ಮರೀಬೇಡಿ, ಟೇಬಲ್ ಕಿಟಕಿ ಪಕ್ಕ ಸಿಕ್ರೆ ಮನೇಲಿ ಮಾಡಿದ ಸೆಟ್ಟಿಂಗ್ ಅಲ್ಲಿ ನಡಿಯಲ್ಲ.