ಮನೆಗೆ ಲ್ಯಾಪ್‌ಟಾಪೋ ಡೆಸ್ಕ್‌ಟಾಪೋ: ಬಳಕೆಯ ನೆಲೆಯಿಂದ ಒಂದು ವಿಮರ್ಶೆ

ಮನೆಗೆಂದು ಕಂಪ್ಯೂಟರ್ ಕೊಳ್ಳುವವರು ಸಾಮಾನ್ಯವಾಗಿ ಪ್ರೊಸೆಸರಿನ ಹೆಸರು, ರ‍್ಯಾಮ್ ಪ್ರಮಾಣ ಮತ್ತು ಬೆಲೆಯನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಎರಡೂ ಬಗೆಯ ಯಂತ್ರಗಳನ್ನು ದೀರ್ಘಕಾಲ ಬಳಸಿರುವ ನನಗೆ, ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ ಎನಿಸುತ್ತದೆ: ಈ ಯಂತ್ರ ದಿನದ ಬಹುಪಾಲು ಹೊತ್ತು ಎಲ್ಲಿರುತ್ತದೆ, ಅದರ ಮುಂದೆ ಯಾರು ಯಾರು ಎಷ್ಟು ಹೊತ್ತು ಕೂರುತ್ತಾರೆ? ವಾರದಲ್ಲಿ ಕೆಲವು ದಿನವಾದರೂ ಅದನ್ನು ಮನೆಯಿಂದ ಹೊರಗೆ ಒಯ್ಯುವವರಿದ್ದರೆ ಲ್ಯಾಪ್‌ಟಾಪಿಗೆ ಬದಲಿಯಿಲ್ಲ. ಹಾಗಲ್ಲದೆ ಒಂದೇ ಮೇಜಿನ ಮೇಲೆ ಕೂರುವುದಕ್ಕೆಂದೇ ಕೊಳ್ಳುವ ಯಂತ್ರವಾದರೆ ಅದು ಡೆಸ್ಕ್‌ಟಾಪ್ ಆಗಿರಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ಮೊದಲ ಕಾರಣ ಯಂತ್ರದ ವೇಗವಲ್ಲ, ಕೂರುವವರ ಕುತ್ತಿಗೆ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ತುಸು ಕೆಳಗೆ ಇರಬೇಕು, ಕೀಲಿಮಣೆ ಮೊಣಕೈಯ ಎತ್ತರಕ್ಕೆ ಬರಬೇಕು ಎಂಬುದು ಕುಳಿತು ಕೆಲಸ ಮಾಡುವವರಿಗೆಲ್ಲ ಹೇಳುವ ಮಾತು. ಲ್ಯಾಪ್‌ಟಾಪಿನಲ್ಲಿ ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಈ ಎರಡನ್ನೂ ಒಟ್ಟಿಗೆ ಪಾಲಿಸುವುದು ಸಾಧ್ಯವೇ ಇಲ್ಲ. ಕೈಗೆ ಸರಿಹೊಂದಿಸಿದರೆ ತಲೆ ತಗ್ಗುತ್ತದೆ, ಕಣ್ಣಿಗೆ ಸರಿಹೊಂದಿಸಿದರೆ ಭುಜ ಏರುತ್ತದೆ. ಅರ್ಧ ಗಂಟೆಯ ಕೆಲಸಕ್ಕೆ ಇದು ತೊಂದರೆಯಲ್ಲ. ಆದರೆ ದಿನವೂ ನಾಲ್ಕಾರು ಗಂಟೆ ಪಾಠ ಕೇಳುವ ಮಗುವಿಗೆ, ಲೆಕ್ಕಪತ್ರ ಬರೆಯುವವರಿಗೆ, ಕಣ್ಣು ಮಂಜಾಗುತ್ತಿರುವ ಹಿರಿಯರಿಗೆ ಇದು ದೇಹಕ್ಕೆ ಬೀಳುವ ನಿತ್ಯದ ಹೊರೆ. 24 ಇಂಚಿನ ಮಾನಿಟರಿನ ವಿಸ್ತೀರ್ಣ 14 ಇಂಚಿನ ಲ್ಯಾಪ್‌ಟಾಪ್ ಪರದೆಯ ಎರಡೂವರೆ ಪಟ್ಟಿಗಿಂತ ಹೆಚ್ಚು. ಅಕ್ಷರಗಳನ್ನು ದೊಡ್ಡದು ಮಾಡಿಕೊಂಡರೂ ಅದರಲ್ಲಿ ಒಂದು ಪುಟ ಪೂರ್ತಿ ಕಾಣುತ್ತದೆ, ಪಕ್ಕದಲ್ಲಿ ಇನ್ನೊಂದನ್ನು ತೆರೆದಿಡಲು ಜಾಗವೂ ಉಳಿಯುತ್ತದೆ. ಹಣ ಸೀಮಿತವಾಗಿದ್ದರೆ ಪ್ರೊಸೆಸರಿನಲ್ಲಿ ಒಂದು ಹಂತ ಕೆಳಗಿಳಿದು ಆ ಉಳಿತಾಯವನ್ನು ಒಳ್ಳೆಯ ಮಾನಿಟರಿಗೆ ಹಾಕಿ ಎಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಒಳಗಿನ ಭಾಗಗಳು ಹಳತಾದ ಮೇಲೂ ಮಾನಿಟರ್ ಮುಂದಿನ ಯಂತ್ರಕ್ಕೆ ಹಾಗೆಯೇ ಸಲ್ಲುತ್ತದೆ.

ವೇಗದ ವಿಷಯದಲ್ಲಿ ಅಂಗಡಿಯ ಫಲಕಗಳು ಹೇಳದೆ ಬಿಡುವ ಸಂಗತಿಯೊಂದಿದೆ. ಪ್ರೊಸೆಸರು ಎಷ್ಟು ಹೊತ್ತು ಪೂರ್ಣ ವೇಗದಲ್ಲಿ ಓಡಬಲ್ಲದೆಂಬುದನ್ನು ನಿರ್ಧರಿಸುವುದು ಅದಕ್ಕೆ ಸಿಗುವ ವಿದ್ಯುತ್ತು ಮತ್ತು ಅದರ ಬಿಸಿ ಹೊರಹೋಗುವ ದಾರಿ. ತೆಳು ಲ್ಯಾಪ್‌ಟಾಪಿನ ಪ್ರೊಸೆಸರನ್ನು ಸಾಮಾನ್ಯವಾಗಿ 15ರಿಂದ 28 ವ್ಯಾಟ್‌ಗೆ ಹೊಂದುವಂತೆ ರೂಪಿಸಿರುತ್ತಾರೆ. ಮಾಮೂಲಿ ಡೆಸ್ಕ್‌ಟಾಪ್ ಪ್ರೊಸೆಸರಿಗೆ 65 ವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು ಸಿಗುತ್ತದೆ. ಹೀಗಾಗಿ ಲ್ಯಾಪ್‌ಟಾಪ್ ಮೊದಲ ಕೆಲವು ನಿಮಿಷ ಚುರುಕಾಗಿ ಓಡಿ, ಬಿಸಿಯೇರಿದಂತೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಗ್ರಾಫಿಕ್ಸ್ ಕಾರ್ಡುಗಳಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು: ಎನ್ವಿಡಿಯಾದ ಆರ್‌ಟಿಎಕ್ಸ್ 4070 ಎಂಬ ಒಂದೇ ಹೆಸರಿನಡಿ ಡೆಸ್ಕ್‌ಟಾಪಿಗೆ 12 ಜಿಬಿ ಮೆಮೊರಿ ಇದ್ದರೆ ಲ್ಯಾಪ್‌ಟಾಪಿಗೆ ಇರುವುದು 8 ಜಿಬಿ, ಒಳಗಿನ ಚಿಪ್ ಕೂಡ ಬೇರೆ. ಪತ್ರ ಬರೆಯಲು, ಬ್ರೌಸರ್ ಬಳಸಲು, ಸಿನಿಮಾ ನೋಡಲು ಇದಾವುದೂ ಅಡ್ಡಿಯಾಗದು. ವೀಡಿಯೊ ಸಂಕಲನ ಅಥವಾ ದೊಡ್ಡ ಆಟಗಳು ಮನೆಯಲ್ಲಿ ನಡೆಯುವುದಾದರೆ ಮಾತ್ರ ಹೆಸರನ್ನಷ್ಟೇ ನೋಡಿ ಎರಡನ್ನೂ ಸಮಾನವೆಂದು ಎಣಿಸಬಾರದು.

ನನ್ನ ದೃಷ್ಟಿಯಲ್ಲಿ ಕೊಳ್ಳುವ ದಿನಕ್ಕಿಂತ ಮೂರನೆಯ, ನಾಲ್ಕನೆಯ ವರ್ಷಗಳು ಹೆಚ್ಚು ಮುಖ್ಯ. ಇಂಟೆಲ್ 1995ರಲ್ಲಿ ರೂಪಿಸಿದ ಎಟಿಎಕ್ಸ್ ಅಳತೆಗಳನ್ನು ಅನುಸರಿಸುವ ಡೆಸ್ಕ್‌ಟಾಪಿನಲ್ಲಿ ಪವರ್ ಸಪ್ಲೈ, ಮದರ್‌ಬೋರ್ಡ್ (ಭಾಗಗಳನ್ನೆಲ್ಲ ಜೋಡಿಸುವ ಮುಖ್ಯ ಫಲಕ), ರ‍್ಯಾಮ್, ಎಸ್‌ಎಸ್‌ಡಿ (ಕಡತಗಳನ್ನು ಉಳಿಸಿಡುವ ಭಾಗ), ಫ್ಯಾನು ಪ್ರತಿಯೊಂದೂ ಬಿಡಿಯಾಗಿ ಸಿಗುತ್ತವೆ. ಯಾವುದು ಕೆಟ್ಟಿತೋ ಅದನ್ನಷ್ಟೇ ತೆಗೆದು, ಸ್ಕ್ರೂಡ್ರೈವರ್ ಹಿಡಿಯಬಲ್ಲ ಯಾರಾದರೂ ಬದಲಿಸಬಹುದು. ಪ್ರೊಸೆಸರ್ ತಯಾರಕ ಎಎಂಡಿಯ ಎಎಂ4 ಎಂಬ ಸಾಕೆಟ್ಟಿರುವ ಮದರ್‌ಬೋರ್ಡನ್ನು 2017ರಲ್ಲಿ ಕೊಂಡಿದ್ದ ಅನೇಕರಿಗೆ, ಬಯೋಸ್ (ಬೋರ್ಡಿನ ಮೂಲ ತಂತ್ರಾಂಶ) ನವೀಕರಿಸಿಕೊಂಡು, 2022ರಲ್ಲಿ ಬಂದ ಪ್ರೊಸೆಸರನ್ನೇ ಅದೇ ಬೋರ್ಡಿಗೆ ಕೂರಿಸಲು ಸಾಧ್ಯವಾಯಿತು. ಲ್ಯಾಪ್‌ಟಾಪಿನ ಲೋಕ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗಿದೆ. ತೆಳುವಾದ ಮಾದರಿಗಳಲ್ಲಿ ರ‍್ಯಾಮ್ ಅನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ, ಆಪಲ್‌ನ ಈಗಿನ ಮ್ಯಾಕ್‌ಬುಕ್‌ಗಳಲ್ಲಿ ಅದು ಪ್ರೊಸೆಸರಿನ ಜೊತೆಗೇ ಇರುತ್ತದೆ. 8 ಜಿಬಿ ಕೊಂಡವರು ಯಂತ್ರದ ಕೊನೆಯ ದಿನದವರೆಗೂ 8 ಜಿಬಿಯಲ್ಲೇ ಇರಬೇಕು. ಕೀಲಿಮಣೆಯ ಮೇಲೆ ನೀರು ಚೆಲ್ಲಿದರೆ ಡೆಸ್ಕ್‌ಟಾಪಿನಲ್ಲಿ ಕೀಲಿಮಣೆಯೊಂದೇ ಹೋಗುತ್ತದೆ, ಲ್ಯಾಪ್‌ಟಾಪಿನಲ್ಲಿ ಅದರ ಕೆಳಗೇ ಮದರ್‌ಬೋರ್ಡೂ ಬ್ಯಾಟರಿಯೂ ಇವೆ. ಚಿಕ್ಕ ಮಕ್ಕಳಿರುವ ಮನೆಯವರು ಇದನ್ನು ಗಂಭೀರವಾಗಿ ಯೋಚಿಸಬೇಕು.

ಬ್ಯಾಟರಿಯ ಬಗ್ಗೆಯೂ ಒಂದು ಮಾತು. ಸದಾ ಚಾರ್ಜರಿಗೆ ಸಿಕ್ಕಿಸಿಟ್ಟ ಲ್ಯಾಪ್‌ಟಾಪ್ ತನ್ನ ಬ್ಯಾಟರಿಯನ್ನು ಉಳಿಸುತ್ತಿದೆ ಎಂದು ಹಲವರು ನಂಬಿದ್ದಾರೆ. ಲಿಥಿಯಂ ಅಯಾನ್ ಕೋಶಗಳು ಪೂರ್ಣ ಚಾರ್ಜಿನಲ್ಲಿ, ಅದರಲ್ಲೂ ಬಿಸಿಯಲ್ಲಿ, ಇದ್ದಷ್ಟೂ ಬೇಗ ಸವೆಯುತ್ತವೆ. ಕೆಲವೊಮ್ಮೆ ಉಬ್ಬಿಕೊಂಡು ಟಚ್‌ಪ್ಯಾಡನ್ನು ಮೇಲಕ್ಕೆತ್ತುವುದೂ ಉಂಟು, ಹಾಗಾದಾಗ ಯಂತ್ರವನ್ನು ಕೂಡಲೇ ನಿಲ್ಲಿಸಿ ಬ್ಯಾಟರಿ ತೆಗೆಸಬೇಕು. ಈಗಿನ ಬಹುತೇಕ ತಯಾರಕರು ಚಾರ್ಜನ್ನು ಶೇಕಡಾ 80ಕ್ಕೆ ನಿಲ್ಲಿಸುವ ಆಯ್ಕೆಯನ್ನು ಕೊಟ್ಟಿದ್ದಾರೆ. ಮೇಜು ಬಿಟ್ಟು ಕದಲದ ಲ್ಯಾಪ್‌ಟಾಪಿನಲ್ಲಿ ಅದನ್ನು ಮೊದಲ ದಿನವೇ ಹಾಕಿಡುವುದು ಒಳ್ಳೆಯದು.

ಇಷ್ಟು ಹೇಳಿದ ಮೇಲೂ ಲ್ಯಾಪ್‌ಟಾಪಿನ ಎರಡು ಗುಣಗಳನ್ನು ನಾನು ಮನಸಾರೆ ಮೆಚ್ಚುತ್ತೇನೆ. ವಿದ್ಯುತ್ತು ಹೋದಾಗ ಅದು ನಿಲ್ಲುವುದಿಲ್ಲ. ಡೆಸ್ಕ್‌ಟಾಪಿಗೆ ಅದೇ ರಕ್ಷಣೆ ಬೇಕೆಂದರೆ ಯುಪಿಎಸ್ ಕೊಳ್ಳಬೇಕು, ಅದರ ಬ್ಯಾಟರಿಯನ್ನೂ ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕು. ಎರಡನೆಯದು ಮಿತವ್ಯಯ. ಹಗುರವಾದ ಕೆಲಸಕ್ಕೆ ಲ್ಯಾಪ್‌ಟಾಪ್ ಸುಮಾರು 15 ವ್ಯಾಟ್, ಮಾನಿಟರ್ ಸಹಿತ ಡೆಸ್ಕ್‌ಟಾಪ್ ಸುಮಾರು 80 ವ್ಯಾಟ್ ಬಳಸುತ್ತದೆಂದು ಹಿಡಿದರೆ, ದಿನಕ್ಕೆ 5 ಗಂಟೆಯಂತೆ ವರ್ಷಕ್ಕೆ ಸುಮಾರು 120 ಯೂನಿಟ್ ವ್ಯತ್ಯಾಸ ಬರುತ್ತದೆ. ಕ್ಯಾಮೆರಾ, ಮೈಕು, ಸ್ಪೀಕರ್, ವೈಫೈ ಎಲ್ಲವೂ ಅದರೊಳಗೇ ಇರುವುದು ಸಣ್ಣ ಅನುಕೂಲವೇನಲ್ಲ. ಡೆಸ್ಕ್‌ಟಾಪಿನ ಬೆಲೆ ಲೆಕ್ಕ ಹಾಕುವವರು ಇವನ್ನೆಲ್ಲ ಸೇರಿಸಿಯೇ ಹೋಲಿಸಬೇಕು, ಇಲ್ಲದಿದ್ದರೆ ಆ ಹೋಲಿಕೆ ನ್ಯಾಯದ್ದಾಗುವುದಿಲ್ಲ.

ಜಾಗ ಕಡಿಮೆಯಿರುವ ಮನೆಗಳಿಗೆ ನಾನು ಹೆಚ್ಚಾಗಿ ಸೂಚಿಸುವುದು ಮಿನಿ ಪಿಸಿಯನ್ನು. ಅಂಗೈಯಗಲದ ಈ ಪೆಟ್ಟಿಗೆಯಲ್ಲಿರುವುದು ಬಹುಮಟ್ಟಿಗೆ ಲ್ಯಾಪ್‌ಟಾಪಿನ ಪ್ರೊಸೆಸರೇ ಆದರೂ, ಮಾನಿಟರ್ ಮತ್ತು ಕೀಲಿಮಣೆ ಬೇರೆಯಾಗಿರುವುದರಿಂದ ಕೂರುವ ಭಂಗಿ ಸರಿಯಾಗುತ್ತದೆ, ಹಲವು ಮಾದರಿಗಳಲ್ಲಿ ರ‍್ಯಾಮ್ ಹಾಗೂ ಎಸ್‌ಎಸ್‌ಡಿಯನ್ನು ಬದಲಿಸಲೂ ಬರುತ್ತದೆ, ವಿದ್ಯುತ್ ಖರ್ಚೂ ಕಡಿಮೆ. ಈಗಾಗಲೇ ಲ್ಯಾಪ್‌ಟಾಪ್ ಇರುವವರು ಹೊಸದನ್ನು ಕೊಳ್ಳಬೇಕಾಗಿಲ್ಲ: ಯುಎಸ್‌ಬಿ-ಸಿ ಮೂಲಕ ಚಿತ್ರವನ್ನೂ ಚಾರ್ಜನ್ನೂ ಸಾಗಿಸುವ ಮಾನಿಟರ್ ಸಿಕ್ಕರೆ ಒಂದೇ ತಂತಿಯಲ್ಲಿ ಅದು ಮೇಜಿನ ಯಂತ್ರವಾಗುತ್ತದೆ, ಸಂಜೆ ತಂತಿ ಕಳಚಿದರೆ ಮತ್ತೆ ಲ್ಯಾಪ್‌ಟಾಪ್. ನಾನು ಬೇಡವೆನ್ನುವುದು ಆಲ್ ಇನ್ ಒನ್ ಯಂತ್ರಗಳನ್ನು. ಪರದೆಯ ಹಿಂಬದಿಯಲ್ಲೇ ಎಲ್ಲವನ್ನೂ ಅಡಗಿಸಿಡುವ ಇವು ನೋಡಲು ಅಂದವಾಗಿವೆ. ಆದರೆ ಒಳಗಿನ ಬೋರ್ಡು ಕೆಟ್ಟರೆ ಒಳ್ಳೆಯ ಪರದೆಯೂ ಬಹುತೇಕ ನಿರುಪಯುಕ್ತವಾಗುತ್ತದೆ. ಲ್ಯಾಪ್‌ಟಾಪಿನಂತೆ ಕೈಯಲ್ಲಿ ಹಿಡಿದು ಒಯ್ಯಲಾಗದು, ಡೆಸ್ಕ್‌ಟಾಪಿನಂತೆ ಬಿಚ್ಚಿ ಸರಿಪಡಿಸಲೂ ಆಗದು.

ಯಾವುದನ್ನೇ ಕೊಂಡರೂ 16 ಜಿಬಿ ರ‍್ಯಾಮ್ ಮತ್ತು 512 ಜಿಬಿ ಎಸ್‌ಎಸ್‌ಡಿಗಿಂತ ಕೆಳಗಿಳಿಯಬಾರದು. ಬಳಸಿದ ಯಂತ್ರ ಕೊಳ್ಳುವವರು ಇನ್ನೊಂದು ಪರೀಕ್ಷೆ ಮಾಡಲೇಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ಕ್ಕೆ ಟಿಪಿಎಂ 2.0 (ಯಂತ್ರದೊಳಗಿನ ಭದ್ರತಾ ವ್ಯವಸ್ಥೆ) ಮತ್ತು ಇಂಟೆಲ್‌ನಲ್ಲಾದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರು ಅಥವಾ ಅನಂತರದ ಪ್ರೊಸೆಸರ್ ಬೇಕು. ಕಚೇರಿಗಳಿಂದ ಹೊರಬರುವ ಹಳೆಯ ಡೆಸ್ಕ್‌ಟಾಪುಗಳು ಈ ಗೆರೆ ದಾಟಿದ್ದರೆ ಮನೆಗೆ ಅವು ನಿಜಕ್ಕೂ ಒಳ್ಳೆಯ ಖರೀದಿ. ಬಳಸಿದ ಲ್ಯಾಪ್‌ಟಾಪಾದರೆ, ವಿಂಡೋಸ್‌ನಲ್ಲೇ ಇರುವ ಬ್ಯಾಟರಿ ವರದಿಯನ್ನು ತೆಗೆದು ತೋರಿಸುವಂತೆ ಮಾರುವವರನ್ನು ಕೇಳಿ. ತಯಾರಾದಾಗಿನ ಸಾಮರ್ಥ್ಯ ಮತ್ತು ಈಗಿನ ಪೂರ್ಣ ಚಾರ್ಜಿನ ಸಾಮರ್ಥ್ಯ ಎರಡೂ ಅದರಲ್ಲಿರುತ್ತವೆ, ಅವುಗಳ ನಡುವಿನ ಅಂತರ ದೊಡ್ಡದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಮಾತಾಡಿದ ಬೆಲೆಯಿಂದ ಕಳೆಯಿರಿ.