ಕಿಂಗ್ಸ್ ಕ್ಯಾನ್ಯನ್‌ಗೆ ಬಾಡಿಗೆ ಟ್ರೇಲರ್ ಎಳೆದುಕೊಂಡು ಹೊರಟವರು ದಯವಿಟ್ಟು ಓದಿ

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿರುವ ಕನ್ನಡಿಗರು ಈ ಬೇಸಿಗೆಯಲ್ಲಿ ಟ್ರಾವೆಲ್ ಟ್ರೇಲರ್ (ವಾಹನದ ಹಿಂದೆ ಎಳೆದೊಯ್ಯುವ ಚಕ್ರದ ಪುಟ್ಟ ಮನೆ) ಬಾಡಿಗೆಗೆ ಹಿಡಿದು ಸಿಯೆರಾ ನೆವಾಡಾ ಬೆಟ್ಟಗಳ ಕಡೆಗೆ ಹೊರಡುವ ಯೋಚನೆಯಲ್ಲಿದ್ದರೆ, ಹಣ ಕಟ್ಟುವ ಮೊದಲು ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ನಾಲ್ಕು ಚಕ್ರಗಳಲ್ಲಿ ಮೂರಕ್ಕೆ ಬ್ರೇಕ್ ಇಲ್ಲದ ಟ್ರೇಲರನ್ನು ಅದರ ಮಾಲೀಕ ನಮ್ಮ ಕೈಗೆ ಒಪ್ಪಿಸಿದ. ನಾವು ಎಲ್ಲಿಗೆ ಹೋಗುತ್ತೇವೆ, ಯಾವ ರಸ್ತೆಯಲ್ಲಿ ಹೋಗುತ್ತೇವೆ, ಜೊತೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬುದೆಲ್ಲ ಗೊತ್ತಿದ್ದೂ ಒಪ್ಪಿಸಿದ.

ನಾವು ಮೂರು ಕುಟುಂಬಗಳು. ಟ್ರೇಲರ್ ಎಳೆಯಲು ಗೆಳೆಯನ ಪಿಕಪ್ ಟ್ರಕ್ ಇತ್ತು, ಉಳಿದವರು ಎರಡು ಕಾರುಗಳಲ್ಲಿ ಹಿಂದೆ ಬರುವುದೆಂದು ನಿಶ್ಚಯವಾಗಿತ್ತು. ಟ್ರೇಲರನ್ನು ಹುಡುಕಿದವನು ನಾನು, ಕರಾರಿಗೆ ಸಹಿ ಹಾಕಿದವನೂ ನಾನು. ಆದ್ದರಿಂದ ಮುಂದೆ ನಡೆದದ್ದರಲ್ಲಿ ನನ್ನ ಪಾಲಿನ ತಪ್ಪೂ ಇದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಫ್ರೆಸ್ನೋ ಸಮೀಪದ ಊರೊಂದರಲ್ಲಿ ಖಾಸಗಿ ಮಾಲೀಕನ ಬಳಿ 22 ಅಡಿಯ ಟ್ರೇಲರ್ ಸಿಕ್ಕಿತು. ನಾಲ್ಕು ರಾತ್ರಿಗೆ 760 ಡಾಲರ್ ಬಾಡಿಗೆ, 1,500 ಡಾಲರ್ ಠೇವಣಿ. ನಮಗೆ ಟ್ರೇಲರ್ ಎಳೆದು ಹೆಚ್ಚು ಅನುಭವವಿಲ್ಲ, ಹೋಗುತ್ತಿರುವುದು ಕಿಂಗ್ಸ್ ಕ್ಯಾನ್ಯನ್ ಕಮರಿಯೊಳಗಿನ ಸೀಡರ್ ಗ್ರೋವ್ ಶಿಬಿರಕ್ಕೆ ಎಂದು ನಾನು ಬರವಣಿಗೆಯಲ್ಲಿಯೇ ತಿಳಿಸಿದ್ದೆ. "ಯಾವ ತೊಂದರೆಯೂ ಇಲ್ಲ, ಪ್ರತಿ ಬೇಸಿಗೆ ಜನ ಅಲ್ಲಿಗೇ ಒಯ್ಯುತ್ತಾರೆ" ಎಂದು ಉತ್ತರ ಬಂದಿತ್ತು.

ಟ್ರೇಲರ್ ಪಡೆಯುವ ದಿನ ಆತ ಬಹಳ ಸೌಜನ್ಯದಿಂದ ನಡೆದುಕೊಂಡ. ಒಲೆ ಹೊತ್ತಿಸುವುದು, ನೀರಿನ ಪಂಪ್ ಹಾಕುವುದು, ಪಕ್ಕದ ಬಿಸಿಲುಮರೆ ಬಿಚ್ಚುವುದು ಎಲ್ಲವನ್ನೂ ಮುಕ್ಕಾಲು ಗಂಟೆ ನಿಂತು ತೋರಿಸಿದ. ನನ್ನ ಗೆಳೆಯ ಟೈರ್‌ನ ಪಕ್ಕದಲ್ಲಿ ಅಚ್ಚಾಗಿರುವ ಕೊನೆಯ ನಾಲ್ಕು ಅಂಕಿಗಳನ್ನು ಓದಿ, ತಯಾರಾದ ವಾರ ಮತ್ತು ವರ್ಷವನ್ನು ನೋಡಿ, ಟೈರ್‌ಗಳು ಹೊಸವೆಂದು ಸಮಾಧಾನಪಟ್ಟ. ಹೊಸ ಟೈರ್ ಹಾಕಿಸಿದವನು ಉಳಿದದ್ದನ್ನೂ ಸರಿಯಾಗಿಯೇ ಇಟ್ಟಿರುತ್ತಾನೆ ಎಂದು ನಾವು ನಂಬಿದೆವು. ಬ್ರೇಕ್ ಬಗ್ಗೆ ಕೇಳಿದಾಗ, "ಎಲ್ಲ ಎಲೆಕ್ಟ್ರಿಕ್, ನಿಮ್ಮ ಟ್ರಕ್ಕೇ ನೋಡಿಕೊಳ್ಳುತ್ತದೆ" ಎಂದ. ತಂತಿ ಸಿಕ್ಕಿಸಿದ ಕೂಡಲೇ ಟ್ರಕ್ಕಿನ ಪರದೆಯ ಮೇಲೆ ಟ್ರೇಲರ್ ಜೋಡಣೆಯಾಗಿದೆ ಎಂಬ ಗುರುತೂ ಮೂಡಿತು. ಟ್ರೇಲರನ್ನು ಸುಸ್ಥಿತಿಯಲ್ಲಿ ಪಡೆದಿದ್ದೇನೆ ಎಂಬ ಸಾಲಿನ ಕೆಳಗೆ ನಾನು ಸಹಿ ಹಾಕಿದೆ. ಯಾರೂ ಕೆಳಗೆ ಬಗ್ಗಿ ನೋಡಲಿಲ್ಲ.

ಆ ರಸ್ತೆಯಲ್ಲಿ ಹೋದವರಿಗೆ ನಾನು ಹೇಳಬೇಕಾಗಿಲ್ಲ. ಫ್ರೆಸ್ನೋದಿಂದ 180ನೇ ಹೆದ್ದಾರಿ ಬಯಲಿನಿಂದ ಏರುತ್ತಾ ಸುಮಾರು 6,600 ಅಡಿ ಎತ್ತರದ ಗ್ರಾಂಟ್ ಗ್ರೋವ್ ತಲುಪುತ್ತದೆ. ಅಲ್ಲಿಂದ ಮುಂದೆ ಸೀಡರ್ ಗ್ರೋವ್‌ಗೆ ಇರುವ ಸುಮಾರು 30 ಮೈಲಿಯಲ್ಲಿ ರಸ್ತೆ ಬಂಡೆಗೆ ಅಂಟಿಕೊಂಡು ಕಮರಿಯೊಳಕ್ಕೆ ಇಳಿದು, ಕಿಂಗ್ಸ್ ನದಿಯ ದಕ್ಷಿಣ ಕವಲಿನ ಜೊತೆ ಮತ್ತೆ ನಿಧಾನವಾಗಿ ಏರುತ್ತದೆ. ಸ್ಪ್ಯಾನಿಷ್ ಮೌಂಟನ್ ಶಿಖರದಿಂದ ನದಿಯವರೆಗೆ ಅಳೆದರೆ ಈ ಕಮರಿಯ ಆಳ 8,000 ಅಡಿಗೂ ಹೆಚ್ಚು. ಗ್ರ್ಯಾಂಡ್ ಕ್ಯಾನ್ಯನ್‌ಗಿಂತಲೂ ಹೆಚ್ಚು. ಜಂಕ್ಷನ್ ವ್ಯೂ ಎಂಬ ನೋಟದ ತಾಣ ದಾಟಿದ ಮೇಲೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಅಂಥ ಇಳಿಜಾರಿನಲ್ಲಿ ಸುಮಾರು 6,000 ಪೌಂಡ್ ತೂಕ ನಮ್ಮ ಬೆನ್ನ ಹಿಂದೆ ಹೆಚ್ಚುಕಡಿಮೆ ತಡೆಯಿಲ್ಲದೆ ಉರುಳುತ್ತಿತ್ತು.

ಗೆಳೆಯ ಕೆಳಗಿನ ಗೇರಿನಲ್ಲಿಯೇ ಇಳಿಸುತ್ತಿದ್ದರೂ ಟ್ರಕ್ ನಿಲ್ಲುತ್ತಿರಲಿಲ್ಲ. "ಹಿಂದಿನಿಂದ ಯಾರೋ ತಳ್ಳಿದ ಹಾಗಾಗುತ್ತಿದೆ" ಎಂದು ಅವನು ಎರಡು ಸಲ ಹೇಳಿದ. ಸುಟ್ಟ ವಾಸನೆ ಬರತೊಡಗಿತು. ಒಂದು ತಿರುವಿನಲ್ಲಿ ಪೆಡಲ್ ಮೆತ್ತಗಾಗಿ ಒಳಕ್ಕೆ ಹೋದಾಗ ಅವನ ಮುಖ ಬಿಳಿಚಿಕೊಂಡದ್ದನ್ನು ನಾನು ನೋಡಿದೆ. ಹೇಗೋ ರಸ್ತೆಬದಿಯ ಸ್ವಲ್ಪ ಜಾಗಕ್ಕೆ ತಂದು ನಿಲ್ಲಿಸಿದ. ಟ್ರಕ್ಕಿನ ಮುಂದಿನ ಎರಡೂ ಚಕ್ರಗಳಿಂದ ಹೊಗೆ ಏಳುತ್ತಿತ್ತು. ಹಿಂದಿನ ಸೀಟಿನಲ್ಲಿ ಅವನ ಇಬ್ಬರು ಮಕ್ಕಳಿದ್ದರು. ಆಗ ನಾನು ಮಾಡಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ: "ನೀನು ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬಂದೆ, ಅದಕ್ಕೇ ಹೀಗಾಯಿತು" ಎಂದು ಅವನ ಹೆಂಡತಿಯ ಎದುರಿಗೇ ಗದರಿದೆ. ಅವನು ಮಾತಾಡಲಿಲ್ಲ. ಒಂದು ಗಂಟೆ ಬ್ರೇಕ್ ಆರಿಸಿ, ನಡೆಯುವ ವೇಗದಲ್ಲಿ ಕೆಳಗಿಳಿದು, ಸಂಜೆ ಶಿಬಿರ ಸೇರಿದೆವು.

ಪಕ್ಕದ ಜಾಗದಲ್ಲಿ ಬೀಡುಬಿಟ್ಟಿದ್ದ ಒಬ್ಬ ಹಿರಿಯರು ವಾಸನೆ ಕಂಡು ತಾವಾಗಿಯೇ ಬಂದರು. ಟ್ರಕ್ಕಿನಲ್ಲಿ ಕೂತೇ ಟ್ರೇಲರ್‌ನ ಬ್ರೇಕ್ ನಡೆಸುವ ಸಾಧನವಾದ ಬ್ರೇಕ್ ಕಂಟ್ರೋಲರ್‌ನ ಸಣ್ಣ ಹಿಡಿಯನ್ನು ಕೈಯಿಂದ ಒತ್ತಿದರೆ ಟ್ರೇಲರ್‌ನ ಬ್ರೇಕ್ ಮಾತ್ರ ಹಿಡಿಯಬೇಕು ಎಂದು ಹೇಳಿ, ನಿಧಾನವಾಗಿ ಓಡಿಸಿ ಒತ್ತಿಸಿದರು. ಹೆಚ್ಚುಕಡಿಮೆ ಏನೂ ಹಿಡಿಯಲಿಲ್ಲ. ನಂತರ ಟಾರ್ಚ್ ಹಿಡಿದು ಟ್ರೇಲರ್ ಕೆಳಗೆ ಮಲಗಿದರು. ಎರಡು ನಿಮಿಷಕ್ಕೆ ನನ್ನನ್ನು ಕರೆದರು. ನಾನೂ ಮಣ್ಣಿನಲ್ಲಿ ಮಲಗಿ ನೋಡಿದೆ. ಒಂದು ಚಕ್ರದ ಬ್ರೇಕಿಗೆ ಮಾತ್ರ ತಂತಿ ಹೋಗಿತ್ತು. ಉಳಿದ ಮೂರರ ತಂತಿಗಳು ಸವೆದು ಕಿತ್ತದ್ದಲ್ಲ, ಕಲ್ಲು ತಗಲಿ ತುಂಡಾದದ್ದೂ ಅಲ್ಲ. ಅವುಗಳನ್ನು ನೇರವಾಗಿ ಕತ್ತರಿಸಿ, ತುದಿಗಳಿಗೆ ಕಪ್ಪು ಟೇಪ್ ಸುತ್ತಿ, ಚೌಕಟ್ಟಿಗೆ ಅಚ್ಚುಕಟ್ಟಾಗಿ ಕಟ್ಟಲಾಗಿತ್ತು. ಆ ಒಂದು ತಂತಿಯಿಂದಲೇ ಟ್ರಕ್ಕಿನ ಪರದೆಯಲ್ಲಿ ಜೋಡಣೆಯ ಗುರುತು ಬಂದಿತ್ತು. ಆ ಟೇಪ್ ಕಂಡಾಗ ನನ್ನ ಹೊಟ್ಟೆಯಲ್ಲಿ ಆದ ಸಂಕಟವನ್ನು ಹೇಳಲಾರೆ. ಯಾರೋ ಕೂತು, ಸಮಯ ತೆಗೆದುಕೊಂಡು ಮಾಡಿದ ಕೆಲಸ ಅದು. ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ 1,500 ಪೌಂಡ್ ಮೀರಿದ ಇಂಥ ಟ್ರೇಲರಿಗೆ ಕಡೇಪಕ್ಷ ಎರಡು ಚಕ್ರಗಳಲ್ಲಾದರೂ ಬ್ರೇಕ್ ಇರಲೇಬೇಕು.

ಕಮರಿಯೊಳಗೆ ಫೋನ್ ಸಿಗ್ನಲ್ ಸಿಗಲಿಲ್ಲ. ಮರುದಿನ ಕಾರಿನಲ್ಲಿ ಗ್ರಾಂಟ್ ಗ್ರೋವ್‌ವರೆಗೆ ಹತ್ತಿ ಬಂದು ಚಿತ್ರಗಳ ಸಮೇತ ಸಂದೇಶ ಕಳುಹಿಸಿದೆ. ಬಂದ ಉತ್ತರಗಳನ್ನು ಬಂದ ಕ್ರಮದಲ್ಲಿಯೇ ಬರೆಯುತ್ತೇನೆ.

"ಕಳೆದ ವಾರ ಒಯ್ದವರು ಏನೂ ಹೇಳಲಿಲ್ಲ."

"ಬೆಟ್ಟದಲ್ಲಿ ಎಳೆಯಲು ಬರುವುದಿಲ್ಲ ಎಂದು ನೀವು ಮೊದಲೇ ತಿಳಿಸಬೇಕಿತ್ತು."

ತಿಳಿಸಿದ್ದೆ. ಆ ಹಳೆಯ ಸಂದೇಶವನ್ನೇ ಅವನಿಗೆ ಮತ್ತೆ ಕಳುಹಿಸಿದೆ. ಅದಕ್ಕೆ ಉತ್ತರವಿಲ್ಲ. ಇಪ್ಪತ್ತು ನಿಮಿಷದ ನಂತರ, "ನನ್ನ ಅನುಮತಿಯಿಲ್ಲದೆ ಯಾವುದನ್ನೂ ಮುಟ್ಟಬೇಡಿ, ಮುಟ್ಟಿದರೆ ಠೇವಣಿ ವಾಪಸ್ ಬರುವುದಿಲ್ಲ" ಎಂದು ಬಂತು. ಹಾಗಾದರೆ ನಾವು ವಾಪಸ್ ಬರುವುದು ಹೇಗೆ ಎಂದು ಕೇಳಿದೆ. "ಏರುವ ರಸ್ತೆಗೆ ಬ್ರೇಕ್ ಬೇಕಾಗುವುದಿಲ್ಲ" ಎಂದು ಬರೆದ. ಗ್ರಾಂಟ್ ಗ್ರೋವ್‌ನಿಂದ ಬಯಲಿಗೆ ಇಳಿಯುವ ರಸ್ತೆಯೊಂದಿದೆ ಎಂಬುದು ಅಲ್ಲಿಯೇ ವಾಸಿಸುವ ಆ ಮನುಷ್ಯನಿಗೆ ಗೊತ್ತಿಲ್ಲವೇ? ಇದನ್ನು ಎಷ್ಟು ಸಲ ಓದಿದರೂ ನನಗೆ ಕೈ ನಡುಗುತ್ತದೆ.

ಫ್ರೆಸ್ನೋದಿಂದ ಮೆಕ್ಯಾನಿಕ್ ಒಬ್ಬರನ್ನು ಕರೆಸಿ 640 ಡಾಲರ್ ಕೊಟ್ಟು ಮೂರೂ ಚಕ್ರಗಳ ತಂತಿ ಜೋಡಿಸಿದೆವು. ಅವರು ಕಂಡದ್ದನ್ನು ರಸೀದಿಯ ಮೇಲೆ ಬರೆದು ಕೊಟ್ಟರು. ಇಡೀ ಪ್ರವಾಸ ಅದರಲ್ಲಿಯೇ ಮುಗಿಯಿತು. ಜ಼ುಮ್‌ವಾಲ್ಟ್ ಹುಲ್ಲುಗಾವಲಿಗೆ ಮಕ್ಕಳನ್ನು ಬೇರೆಯವರು ಕರೆದುಕೊಂಡು ಹೋದರು, ನಾವಿಬ್ಬರು ಹೋಗಲಿಲ್ಲ.

ಟ್ರೇಲರ್ ಹಿಂದಿರುಗಿಸಿದ ಮೂರನೆಯ ದಿನ ಠೇವಣಿಯ ಲೆಕ್ಕ ಬಂತು. 1,500 ಡಾಲರಿನಲ್ಲಿ ಒಂದು ಡಾಲರೂ ಹಿಂದೆ ಬರಲಿಲ್ಲ. ಕಾರಣ ಎರಡು: ಅನುಮತಿಯಿಲ್ಲದೆ ವೈರಿಂಗ್ ಬದಲಿಸಿದ್ದು ಮತ್ತು "ಇಳಿಜಾರಿನಲ್ಲಿ ಟ್ರೇಲರಿನ ಬ್ರೇಕ್‌ಗಳನ್ನು ಸುಟ್ಟದ್ದು". ತಂತಿಯನ್ನೇ ಕತ್ತರಿಸಿಟ್ಟ ಬ್ರೇಕನ್ನು ನಾವು ಸುಟ್ಟೆವಂತೆ! ಸುಟ್ಟದ್ದು ನನ್ನ ಗೆಳೆಯನ ಟ್ರಕ್ಕಿನ ಬ್ರೇಕ್. ಅದರ ದುರಸ್ತಿಗೆ ಅವನು ಬೇರೆ ಹಣ ತೆತ್ತ, ನನ್ನ ಹತ್ತಿರ ಒಂದು ಪೈಸೆಯನ್ನೂ ತೆಗೆದುಕೊಳ್ಳಲಿಲ್ಲ. ಪ್ರಶ್ನಿಸಿದಾಗ ಬಂದ ಉತ್ತರ ಒಂದೇ ಸಾಲಿನದು: "ಸುಸ್ಥಿತಿಯಲ್ಲಿ ಪಡೆದಿದ್ದೇನೆ ಎಂದು ನೀವೇ ಸಹಿ ಹಾಕಿದ್ದೀರಿ."

ಆದ್ದರಿಂದ, ಒಲೆ ಮತ್ತು ಹಾಸಿಗೆ ತೋರಿಸುವಾಗ ತಲೆಯಾಡಿಸುತ್ತಾ ನಿಲ್ಲಬೇಡಿ. ಮಾಲೀಕನ ಎದುರಿಗೇ ಟ್ರೇಲರನ್ನು ನಿಧಾನವಾಗಿ ಎಳೆದು, ಕಂಟ್ರೋಲರ್‌ನ ಹಿಡಿ ಒತ್ತಿ, ಟ್ರೇಲರ್ ಹಿಂದಕ್ಕೆ ಜಗ್ಗುವುದನ್ನು ಕಂಡುಕೊಳ್ಳಿ. ಕೆಳಗೆ ಮಲಗಿ ಪ್ರತಿ ಚಕ್ರದ ತಂತಿಯ ವಿಡಿಯೊ ಮಾಡಿ. ಬಟ್ಟೆ ಕೊಳೆಯಾಗುತ್ತದೆಂದು ಸಂಕೋಚಪಡಬೇಡಿ, ನಾನು ಪಟ್ಟಿದ್ದೆ. ಅದಾದ ಮೇಲೆ ಮಾತ್ರ ಸಹಿ ಹಾಕಿ.

ಕ್ಯಾಲಿಫೋರ್ನಿಯಾದಲ್ಲಿ 12,500 ಡಾಲರ್‌ವರೆಗಿನ ಇಂಥ ವ್ಯಾಜ್ಯವನ್ನು ವಕೀಲರಿಲ್ಲದೆ ಸ್ಮಾಲ್ ಕ್ಲೇಮ್ಸ್ (ಸಣ್ಣ ಮೊತ್ತದ ವ್ಯಾಜ್ಯಗಳ) ನ್ಯಾಯಾಲಯದಲ್ಲಿ ಹೂಡಬಹುದು. ನಾನು ಅರ್ಜಿ ಹಾಕಿದ್ದೇನೆ. ಕತ್ತರಿಸಿದ ತಂತಿಗಳ ಚಿತ್ರಗಳೂ ಮೆಕ್ಯಾನಿಕ್ ಬರೆದ ರಸೀದಿಯೂ ನನ್ನ ಬಳಿ ಇವೆ. ಗೆಳೆಯನ ಮನೆಗೆ ಹೋಗಿ ಅಂದು ಗದರಿದ್ದಕ್ಕೆ ಕ್ಷಮೆ ಕೇಳಿ ಬಂದಿದ್ದೇನೆ. ಆ ಟ್ರೇಲರ್ ಮುಂದಿನ ವಾರಾಂತ್ಯಕ್ಕೆ ಬಾಡಿಗೆಗೆ ಸಿಗುತ್ತದೆ ಎಂದು ಇಂದು ಬೆಳಿಗ್ಗೆ ನೋಡಿದಾಗಲೂ ಜಾಹೀರಾತಿನಲ್ಲಿತ್ತು, ಅದೇ ಹೊಸ ಟೈರ್‌ಗಳ ಚಿತ್ರದೊಂದಿಗೆ.