ವಾಲಿಬಾಲ್ ಸ್ಕಾಲರ್‌ಶಿಪ್ ಸಲಹಾ ಸೇವೆ: ವಿಡಿಯೊ ಒಳ್ಳೆಯದು, ಸಲಹೆ ಸಲ್ಲದು

ಅಮೆರಿಕದ ಹೈಸ್ಕೂಲು ವಾಲಿಬಾಲ್ ಆಟಗಾರ್ತಿಯರನ್ನು ಕಾಲೇಜು ಕೋಚ್‌ಗಳಿಗೆ ಪರಿಚಯಿಸುವ ಖಾಸಗಿ ಸಲಹಾ ಸೇವೆಯೊಂದನ್ನು ನಮ್ಮ ಮಗಳಿಗಾಗಿ ಬಳಸಿದೆವು. ಅವರು ಸಿದ್ಧಪಡಿಸಿದ ವಿಡಿಯೊ ನಿಜಕ್ಕೂ ಅಚ್ಚುಕಟ್ಟು: ಮಗಳು ಲಿಬೆರೊ, ಅಂದರೆ ರಕ್ಷಣೆಗೆಂದೇ ಇರುವ ಆಟಗಾರ್ತಿ. ಆದ್ದರಿಂದ ಸರ್ವ್ ರಿಸೀವ್ (ಎದುರಾಳಿಯ ಸರ್ವ್ ತಡೆದು ಎತ್ತುವುದು) ಮತ್ತು ಡಿಗ್‌ಗಳನ್ನೇ (ಹೊಡೆದ ಚೆಂಡು ನೆಲಕ್ಕೆ ಬೀಳದಂತೆ ಎತ್ತುವುದು) ಮೊದಲಿಗೆ ಜೋಡಿಸಿ, ಪ್ರತಿ ತುಣುಕಿನಲ್ಲೂ ಚೆಂಡು ಸೆಟರ್‌ನ (ಹೊಡೆತಕ್ಕೆ ಚೆಂಡು ಎತ್ತಿಕೊಡುವ ಆಟಗಾರ್ತಿಯ) ಕೈ ಸೇರುವವರೆಗೆ ತೋರಿಸಿದ್ದಾರೆ.

ಸಲಹೆಯ ಬಗ್ಗೆ ಮಾತ್ರ ನನಗೆ ತೀವ್ರ ಆಕ್ಷೇಪವಿದೆ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮದಂತೆ, ಅದರ ಅತಿ ಮೇಲಿನ ಹಂತವಾದ ಡಿವಿಷನ್ 1ರ ಕೋಚ್‌ಗಳು ಹತ್ತನೆಯ ತರಗತಿ ಮುಗಿದ ಮೇಲೆ, ಜೂನ್ 15ರಿಂದಷ್ಟೇ ವಿದ್ಯಾರ್ಥಿನಿಯೊಡನೆ ಆಯ್ಕೆಯ ಮಾತುಕತೆ ನಡೆಸಬಹುದು. ಅಲ್ಲಿ ಹುಟ್ಟುವ ಬಾಯಿಮಾತಿನ ಒಪ್ಪಂದಕ್ಕೆ ಎರಡೂ ಕಡೆಯವರು ಬದ್ಧರಾಗಿರಬೇಕಿಲ್ಲ. ಇದನ್ನೇ ಹಿಡಿದು, “ಸದ್ಯಕ್ಕೆ ಒಂದು ಕಾಲೇಜಿಗೆ ಹೂಂ ಅನ್ನಿ, ದೊಡ್ಡದು ಕರೆದರೆ ಬಿಟ್ಟರಾಯಿತು” ಎಂದರು ಸಲಹೆಗಾರರು. ಹಾಗೆ ಹಿಡಿದಿಟ್ಟ ಜಾಗ ಇನ್ನೊಬ್ಬ ಹುಡುಗಿಗೆ ತಪ್ಪುತ್ತದೆ. ಕೋಚ್‌ಗಳೇನೂ ಹರಿಶ್ಚಂದ್ರರಲ್ಲ, ನಿಜ; ಹೊಸದಾಗಿ ಬಂದ ಕೋಚ್ ಹಳಬರು ಕೊಟ್ಟ ಮಾತನ್ನು ಉಳಿಸಲೇಬೇಕೆಂದಿಲ್ಲ. ಅಲ್ಲದೆ, ಕಾಲೇಜು ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ ‘ಹೌಸ್’ ಮೊಕದ್ದಮೆಯ 2025ರ ರಾಜಿಯನ್ನು ಒಪ್ಪಿದ ಕಾಲೇಜುಗಳಲ್ಲಿ ಮಹಿಳಾ ತಂಡಕ್ಕೆ 12 ಪೂರ್ಣ ಸ್ಕಾಲರ್‌ಶಿಪ್ ಎಂಬ ಹಳೆಯ ಲೆಕ್ಕ ಹೋಗಿ, 18 ಆಟಗಾರ್ತಿಯರ ಮಿತಿ ಬಂದಿದೆ. ಸ್ಕಾಲರ್‌ಶಿಪ್ಪನ್ನು ಭಾಗಶಃ ಹಂಚುವುದಕ್ಕೂ ಅವಕಾಶವಿದೆ. ಹೀಗಿರುವಾಗ ಮೊತ್ತವೆಷ್ಟು, ಎಷ್ಟು ವರ್ಷಕ್ಕೆ, ಗಾಯವಾದರೆ ಏನು ಗತಿ ಎಂಬುದನ್ನು ಬರಹದಲ್ಲೇ ಕೇಳಿ ಪಡೆಯಿರಿ ಎಂದು ಎಚ್ಚರಿಸಬೇಕಾದವರು ಇವರೇ. ಎಚ್ಚರಿಸಲಿಲ್ಲ. ಎನ್‌ಸಿಎಎಯ ಕೆಳಗಿನ ಹಂತವಾದ ಡಿವಿಷನ್ 3ರಲ್ಲಿ ಕ್ರೀಡಾ ಸ್ಕಾಲರ್‌ಶಿಪ್ಪೇ ಇಲ್ಲವೆಂಬುದನ್ನೂ ನಾವೇ ಓದಿ ತಿಳಿದುಕೊಂಡೆವು.

ವಿಡಿಯೊವೊಂದನ್ನೇ ಮಾಡಿಕೊಡುವುದಾದರೆ ಧಾರಾಳವಾಗಿ ಮಾಡಿಸಿಕೊಳ್ಳಿ. ಪೂರ್ತಿ ಪ್ಯಾಕೇಜಿಗೆ ಹಣ ಕಟ್ಟಬೇಡಿ.